ಮೂರನೇ ಚೂರು

ಜಲಜಳ ಎಡಗೈ ತೋರುಬೆರಳಿನ ತುದಿಯಲ್ಲಿ ಎಳ್ಳಿನಷ್ಟು ಕಪ್ಪು ಚುಕ್ಕೆ ಇತ್ತು. ಗೊತ್ತಿಲ್ಲದವರು ಕಾಫಿ ಕರೆ ಅಂದುಕೊಳ್ಳುತ್ತಿದ್ದರು. ಅದು ಹೊಲಿಗೆ ಮಷಿನ್ನಿನ ಸೂಜಿಯ ಮೊನೆ. ಏಳು ತಿಂಗಳು ಅವಳು ಅದನ್ನು ಬೆರಳೊಳಗೇ ಇಟ್ಟುಕೊಂಡು ತಿರುಗಿದಳು. ಬಟ್ಟೆ ಹಿಂಡುವಾಗ, ತಲೆ ಬಾಚುವಾಗ, ಯಾರಿಗಾದರೂ ಬೈಯುವಾಗ ಆ ಬೆರಳೊಂದು ಎಲ್ಲದರಿಂದ ದೂರ ನೆಟ್ಟಗೆ ನಿಂತಿರುತ್ತಿತ್ತು.

ಈಗ ಸಂಘದ ಬ್ಯಾನರಿನಲ್ಲಿ ಅವಳ ಫೋಟೋ ಇದೆ, ಬೆರಳು ಎತ್ತಿದ ಫೋಟೋ. ನೋಡಿದವರು ಭಾಷಣ ಮಾಡುತ್ತಿದ್ದಾಳೆ ಅನ್ನುತ್ತಾರೆ. ಅವಳು ಜನ್ಮದಲ್ಲಿ ಭಾಷಣ ಮಾಡಿದವಳಲ್ಲ. ಆ ದಿನ ಬೆರಳು ಬಾತುಕೊಂಡು ಮಡಚಲು ಬರುತ್ತಿರಲಿಲ್ಲ, ಅಷ್ಟೇ. ಸಂಘದ ಹುಡುಗಿಯರು ನನ್ನ ಹತ್ತಿರ ಬಂದು, "ಅಜ್ಜಿ, ಜಲಜಕ್ಕನ ವಿಷ್ಯ ನೀವೇ ಬರ್ದುಕೊಡಿ, ನಿಮಗೇ ಜಾಸ್ತಿ ಗೊತ್ತಿರೋದು" ಅಂದರು. ಗೊತ್ತಿರುವುದು ಹೌದು. ಅದಕ್ಕೇ ಇಷ್ಟು ದಿನ ಬರೆಯಲಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು. ಅಲಂಕಾರ ಮಾಡಿ ಬರೆಯಲು ಬರುವುದಿಲ್ಲ.

ಮೂಡಿಗೆರೆಯಿಂದ ಸ್ವಲ್ಪ ಹೊರಗೆ, ಮೊದಲು ಕಾಫಿ ತುಂಬಿಡುತ್ತಿದ್ದ ಗೋಡೌನಿನಲ್ಲಿ ಆ ಗಾರ್ಮೆಂಟ್ಸ್ ಶುರುವಾಗಿತ್ತು. ಗೋಡೆಗೆ ಹೊಸ ಬಣ್ಣ ಬಳಿದಿದ್ದರೂ ತಂಡಿ ದಿನಗಳಲ್ಲಿ ಒಳಗೆಲ್ಲ ಪಾರ್ಚ್‌ಮೆಂಟ್ ಕಾಫಿಬೀಜದ ವಾಸನೆ. ಎಸ್ಟೇಟಿನ ಕೂಲಿಯವರ ಲೈನುಮನೆಗಳಿಂದ ಹೆಂಗಸರನ್ನು ವ್ಯಾನಿನಲ್ಲಿ ತುಂಬಿಕೊಂಡು ಹೋಗುತ್ತಿದ್ದರು. ಕಾಫಿ ಹಣ್ಣು ಕೊಯ್ದ ಬೆರಳು ಚುರುಕು ಅಂತ ಅವರ ಎಣಿಕೆ. ನಾವೂ ಖುಷಿಯಾಗಿಯೇ ಹೋದೆವು. ಜಿಗಣೆ ಇಲ್ಲ, ಆನೆ ಇಲ್ಲ, ಕೂತು ಮಾಡುವ ಕೆಲಸ. ಒಳಗೆ ಹೋದ ಮೇಲೆ ಗೊತ್ತಾಯಿತು, ಆನೆ ವರ್ಷಕ್ಕೊಮ್ಮೆ ಬರುತ್ತದೆ, ಸೂಪರ್‌ವೈಸರ್ ಗಂಟೆಗೊಮ್ಮೆ ಬರುತ್ತಾನೆ.

ನನ್ನ ವಯಸ್ಸಿಗೆ ಮಷಿನ್ ಕೊಡಲಿಲ್ಲ. ಕೋಲಿನ ತುದಿಗೆ ಕಟ್ಟಿದ ಮ್ಯಾಗ್ನೆಟ್ ಕೊಟ್ಟರು. ಹೊಲಿಯುವಾಗ ಸೂಜಿ ಮುರಿದರೆ ಅದರ ಎಲ್ಲ ಚೂರೂ ಸಿಗಬೇಕು. ಪರದೇಶದಲ್ಲಿ ಯಾರದೋ ಮಗು ಅಂಗಿ ಹಾಕಿಕೊಳ್ಳುವಾಗ ಚುಚ್ಚಬಾರದಲ್ಲ, ಅದಕ್ಕೆ. ಮಷಿನ್ನಿನ ಅಡಿ, ಬಟ್ಟೆಯ ಮಡಿಕೆ, ಹೆಂಗಸರ ಸೆರಗು, ಎಲ್ಲ ಕಡೆ ಮ್ಯಾಗ್ನೆಟ್ ಆಡಿಸಿ ಚೂರು ಹುಡುಕುವುದು ನನ್ನ ಕೆಲಸ. ಸಿಕ್ಕ ಚೂರುಗಳನ್ನು ಒಂದಕ್ಕೊಂದು ಕೂಡಿಸಿ, ಇಡೀ ಸೂಜಿ ಆಯಿತು ಅಂತ ನೋಡಿ, ಒಂದು ಪುಸ್ತಕದ ಪುಟಕ್ಕೆ ಟೇಪು ಹಾಕಿ ಅಂಟಿಸಬೇಕು. ಕೆಳಗೆ ನನ್ನ ಸಹಿ. ಅದಾದ ಮೇಲೆಯೇ ಹೊಸ ಸೂಜಿ. ಒಂದು ಚೂರು ಸಿಗದಿದ್ದರೂ ಆ ಸಾಲಿನ ಅಂಗಿಗಳೆಲ್ಲ ಅಲ್ಲೇ ನಿಂತವು, ಲಾರಿ ಹೊರಡುವುದಿಲ್ಲ. ಎಲ್ಲರೂ ನನ್ನನ್ನು ಮ್ಯಾಗ್ನೆಟ್ ಅಜ್ಜಿ ಅನ್ನುತ್ತಿದ್ದರು. ಜಲಜ ಮಾತ್ರ ದೊಡ್ಡಮ್ಮ ಅನ್ನುತ್ತಿದ್ದಳು. ನಾನು ಅವಳಿಗೆ ಏನೂ ಆಗಬೇಕಿರಲಿಲ್ಲ, ಲೈನಿನಲ್ಲಿ ಪಕ್ಕದ ಮನೆ.

ಜಲಜ ಸಂಸೆ ಕಡೆಯವಳು. ಎತ್ತರದ ಆಳು, ಮೊಣಕೈಯಲ್ಲಿ ದಾರಿ ಮಾಡಿಕೊಂಡು ನಡೆಯುವವಳು. ಗಂಡ ಒಮ್ಮೆ ಕೈ ಎತ್ತಿದ, ಇವಳು ಸೌದೆ ಎತ್ತಿದಳು. ಅವನ ದವಡೆ ಪಕ್ಕಕ್ಕೆ ಹೋಯಿತು, ಅವನು ಊರು ಬಿಟ್ಟು ಹೋದ. "ಹುಡುಕ್ಲಿಲ್ವೇನೇ?" ಅಂತ ಕೇಳಿದ್ದೆ. "ಎಂತಕ್ಕೆ? ಇನ್ನೊಂದು ಪಕ್ಕ ಸರಿಮಾಡಕ್ಕಾ?" ಅಂದಳು. ಸಕ್ಕರೆ ಕಾಯಿಲೆ ಇತ್ತು. ಮಾತ್ರೆ ನುಂಗಿ ಮೇಲೆ ಬೆಲ್ಲದ ಕಾಫಿ ಕುಡಿಯುತ್ತಿದ್ದಳು. ಎರಡೂ ಒಳಗೆ ಹೊಡೆದಾಡಿಕೊಳ್ಳಲಿ ಬಿಡಿ ಅನ್ನುತ್ತಿದ್ದಳು.

ಅವಳದೊಂದು ಮಾತಿತ್ತು: "ಕಾಲು ಎತ್ತು." ಮಷಿನ್ನಿನ ಪೆಡಲಿನಿಂದ ಕಾಲು ತೆಗೆ, ನಿಲ್ಲಿಸು ಅಂತ ಅರ್ಥ. ಯಾರಾದರೂ ಅತ್ತರೆ ಕಾಲು ಎತ್ತು, ಜಗಳ ಜೋರಾದರೆ ಕಾಲು ಎತ್ತು. "ನಾಯಿಗೆ ಹೇಳ್ದಂಗೆ ಹೇಳ್ತೀಯಲ್ಲೇ ಮಾರಾಯ್ತಿ" ಅಂತ ಒಬ್ಬಳು ನಕ್ಕರೆ, "ನಾಯಿ ಆದ್ರೂ ದಿನಕ್ಕೆ ನಾಕು ಸಲ ಎತ್ತುತ್ತೆ. ನೀವು ಹೊತ್ತಿಡೀ ತುಳೀತಾನೇ ಇರ್ತೀರಿ" ಅಂದಳು.

ಸಂಘ ಹುಟ್ಟಿದ್ದು ಆ ಮಾತಿನಿಂದ. ಸೂಪರ್‌ವೈಸರ್ ನಟೇಶ ಅಂತ ಒಬ್ಬನಿದ್ದ. ಹೊಲಿಗೆ ತಪ್ಪಿದರೆ ಬಟ್ಟೆಯ ಕಟ್ಟನ್ನು ಮುಖಕ್ಕೆ ಎಸೆಯುವವನು. ಒಂದು ದಿನ ಬಸುರಿ ಹೆಂಗಸೊಬ್ಬಳ ತಲೆಗೆ ಎಸೆದ, ಅವಳು ಸ್ಟೂಲಿನಿಂದ ಕೆಳಗೆ ಬಿದ್ದಳು. ಎಸ್ಟೇಟಿನಲ್ಲಿ ಮೇಸ್ತ್ರಿ ಯಾರ ಮೇಲಾದರೂ ಕೈಮಾಡಿದರೆ ಸಾಲಿನವರೆಲ್ಲ ಕುಕ್ಕೆ ಕೆಳಗಿಟ್ಟು ಕೂರುವುದು ನಮ್ಮ ಪದ್ಧತಿ. ಇಲ್ಲಿ ಕುಕ್ಕೆ ಎಲ್ಲಿದೆ? ಜಲಜ ಎದ್ದು ನಿಂತು, "ಕಾಲು ಎತ್ರೇ!" ಅಂತ ಕೂಗಿದಳು. ಅಷ್ಟು ಮಷಿನ್ನುಗಳು ಒಂದೇ ಸಲ ನಿಂತವು. ಆ ಗೋಡೌನಿನಲ್ಲಿ ಹೊರಗಿನ ಹಕ್ಕಿಯ ಸದ್ದು ನಾವು ಕೇಳಿದ್ದು ಆವತ್ತೇ ಮೊದಲು. ನಟೇಶನ ಮುಖ ಬಿಳಿಚಿತು. ಬಸುರಿಯನ್ನು ಎಬ್ಬಿಸಿ ಕೂರಿಸುವ ತನಕ ಯಾರೂ ಕಾಲು ಇಳಿಸಲಿಲ್ಲ.

ಅದೇ ವಾರ ಎಸ್ಟೇಟ್ ಸಂಘದ ಹಳೇ ಮನುಷ್ಯ ಭೋಜಣ್ಣ ಅರ್ಜಿ ಹಿಡಿದುಕೊಂಡು ನಮ್ಮ ಲೈನಿಗೆ ಬಂದರು. ಜಲಜಳ ಮನೆಯಲ್ಲಿ ಕೂತು ಹನ್ನೆರಡು ಹೆಂಗಸರು ಮೊದಲು ಸಹಿ ಹಾಕಿದರು. ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರು. "ಎಸ್ಟೇಟಲ್ಲಿ ಧಣಿ ಬಂಗ್ಲೆ ಮುಂದೆ ಕೂತ್ರೆ ಧಣಿ ಹೊರಗೆ ಬರ್ತಿದ್ರು. ಇಲ್ಲಿ ಯಾರ ಮುಂದೆ ಕೂರ್ತೀರಿ?" ಅಂತ ಭೋಜಣ್ಣ ಕೇಳಿದರು. "ಗೇಟ್ ಮುಂದೆ. ಗೇಟಿಗಾದ್ರೂ ನಾಚಿಕೆ ಆಗ್ಲಿ" ಅಂದಳು ಜಲಜ. ನಾನು ಸಹಿ ಹಾಕಲಿಲ್ಲ. ನನಗೆ ಕೆಲಸ ಬೇಕಿತ್ತು.

ನಟೇಶ ಅವಳನ್ನು ಗುರುತು ಇಟ್ಟುಕೊಂಡ.

ಹದಿನೈದು ದಿನ ಕಳೆದಿರಬೇಕು. ಸಂಜೆ ಲಾರಿ ಹೊರಡುವುದಿತ್ತು. ಜಲಜ ಕಾಲರ್ ಹೊಲಿಯುತ್ತಿದ್ದಳು. ನಟೇಶ ಹಿಂದೆ ನಿಂತು, "ಸಂಘ ಬೇಕು, ಕೆಲಸ ಬೇಡ ಅಲ್ವಾ? ಹೊಲಿಯೇ, ಹೊಲಿ" ಅನ್ನುತ್ತ ಅವಳ ತಲೆಯನ್ನು ಮುಂದಕ್ಕೆ ತಳ್ಳಿದ. ಒಮ್ಮೆ ತಳ್ಳಿದ, ಅವಳು ತಡೆದುಕೊಂಡಳು. ಎರಡನೇ ಸಲಕ್ಕೆ ಕೈ ಜಾರಿತು. ಸೂಜಿ ಉಗುರಿನ ನಡುವೆ ಇಳಿದು, ಮೂಳೆಗೆ ತಾಗಿ, ಮುರಿಯಿತು.

ಅವಳು ಕೂಗಲಿಲ್ಲ. ಹಲ್ಲು ಕಚ್ಚಿ ಬೆರಳು ಎಳೆದುಕೊಂಡಳು. ಬಿಳಿ ಕಾಲರಿನ ಮೇಲೆ ರಕ್ತ ಹರಿಯಿತು. ನಟೇಶ ಮೊದಲು ಕಾಲರ್ ಎತ್ತಿ ಪಕ್ಕಕ್ಕಿಟ್ಟ. ಆಮೇಲೆ, "ಮ್ಯಾಗ್ನೆಟ್!" ಅಂತ ಕಿರುಚಿದ.

ನಾನು ಹೋದೆ. ಒಂದು ಚೂರು ಮಷಿನ್ನಿನ ಹಿಡಿಯಲ್ಲೇ ಇತ್ತು. ನಡುವಿನ ಚೂರು ಪ್ಲೇಟಿನ ಕೆಳಗೆ ಸಿಕ್ಕಿತು. ಮೊನೆ ಇಲ್ಲ. ನೆಲ, ಬಟ್ಟೆ, ಅವಳ ಮಡಿಲು, ಎಲ್ಲ ಹುಡುಕಿದೆ. ಆಮೇಲೆ ಅವಳ ಬೆರಳಿನ ಹತ್ತಿರ ಮ್ಯಾಗ್ನೆಟ್ ಒಯ್ದೆ. ಅವಳು "ಹಾ" ಅಂದಳು. ಒಳಗೆ ಏನೋ ಎಳೆದಿತ್ತು.

"ಬೆರಳೊಳಗೆ ಇದೆ ಸಾರ್" ಅಂದೆ.

"ತೆಗಿ ಹಾಗಾದ್ರೆ. ಲಾರಿ ಕಾಯ್ತಿದೆ."

ನಾನು ಮ್ಯಾಗ್ನೆಟ್ ಹಿಂದಕ್ಕೆ ಎಳೆದುಕೊಂಡೆ. ಅವನೇ ಮೆಕ್ಯಾನಿಕ್‌ನ ಇಕ್ಕಳ ತಂದ. ಅವಳ ಮಣಿಕಟ್ಟನ್ನು ಮಷಿನ್ನಿನ ಮೇಲೆ ಒತ್ತಿ ಹಿಡಿದು, ಉಗುರು ಕಿತ್ತು, ಇಕ್ಕಳದ ಬಾಯಿಯನ್ನು ಗಾಯದೊಳಗೆ ತೂರಿಸಿ ತಿರುಚಿದ. ಮೊನೆ ಬರಲಿಲ್ಲ, ಇನ್ನೂ ಒಳಗೆ ಹೋಯಿತು. ಆಗ ಅವಳು ಕೂಗಿದ ಕೂಗು ನನ್ನ ಕಿವಿಯಿಂದ ಇವತ್ತಿಗೂ ಹೋಗಿಲ್ಲ. ಅವಳ ಬಲಗೈಯಲ್ಲಿ ದಾರದ ಕತ್ತರಿ ಇತ್ತು. ಅವನ ಮುಖಕ್ಕೆ ಬೀಸಿದಳು. ಕಿವಿಯಿಂದ ತುಟಿಯ ತನಕ ಕೆನ್ನೆ ಬಾಯಿ ಬಿಟ್ಟಿತು, ಒಳಗಿನ ಹಲ್ಲು ಕಾಣುತ್ತಿತ್ತು. ಎರಡನೇ ಸಲ ಬೀಸಲು ಹೋದವಳನ್ನು ನಾನೇ ತಬ್ಬಿ ಹಿಡಿದೆ. ಹಿಡಿಯದಿದ್ದರೆ ಕೊಂದೇಬಿಡುತ್ತಿದ್ದಳು. ಹಿಡಿದದ್ದು ಸರಿಯೋ ತಪ್ಪೋ, ಈಗ ಕೇಳಬೇಡಿ.

ಹನ್ನೊಂದು ಹೆಂಗಸರು ಕಾಲು ಎತ್ತಿ ಎದ್ದು ನಿಂತರು. ಉಳಿದವರು ತುಳಿಯುತ್ತಲೇ ಇದ್ದರು.

ಮ್ಯಾನೇಜರ್ ಜಲಜ ಸೇರಿ ಆ ಹನ್ನೆರಡು ಜನರನ್ನು ಗೇಟಿನ ಹೊರಗೆ ಹಾಕಿಸಿದ. ಆಮೇಲೆ ನನ್ನನ್ನು ಸೂಜಿಯ ರೂಮಿಗೆ ಕರೆದರು. ನಟೇಶ ಕೆನ್ನೆಗೆ ಟವೆಲ್ ಒತ್ತಿಕೊಂಡು, ಡಬ್ಬದಿಂದ ಹೊಸ ಸೂಜಿಯೊಂದನ್ನು ತೆಗೆದು, ಇಕ್ಕಳದಲ್ಲಿ ಅದರ ಮೊನೆ ಮುರಿದು, ಪುಟದ ಮೇಲೆ ಇಟ್ಟ. "ಮೂರನೇ ಚೂರು ಸಿಕ್ತು. ಅಂಟ್ಸು" ಅಂದ. ಅಂಟಿಸಿದೆ. "ಸಹಿ." ಹಾಕಿದೆ. ಲಾರಿ ಹೊರಟಿತು.

ಸಂಜೆ ಜಲಜಳ ಮನೆಗೆ ಹೋಗಿ ಇದ್ದದ್ದು ಇದ್ದಹಾಗೆ ಹೇಳಿದೆ. ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಹೊಡೆಯಲಿಲ್ಲ. ಬೆರಳಿಗೆ ಅರಸಿನದ ಬಟ್ಟೆ ಸುತ್ತಿಕೊಂಡು ಗೋಡೆಗೆ ಒರಗಿದ್ದಳು.

"ಹಂಗಾದ್ರೆ ಪುಸ್ತಕದಲ್ಲಿ ಸೂಜಿ ಪೂರ್ತಿ ಆಗಿದೆ" ಅಂದಳು.

"ಆಗಿದೆ."

"ನನ್ನ ಬೆರಳಲ್ಲಿ ಏನೂ ಇಲ್ಲ, ನಾನೇ ಸುಮ್ಸುಮ್ನೆ ಅವನ ಮುಖ ಕೊಯ್ದೆ ಅಂತಾಯ್ತು."

"ಹೌದು ಕಣೇ."

"ನಾಳೆ ಚಿಕ್ಕಮಗಳೂರಿಗೆ ಹೋಗಿ ತೆಗೆಸ್ತೀನಿ ದೊಡ್ಡಮ್ಮ. ನೋವು ತಡ್ಯಕ್ಕಾಗ್ತಿಲ್ಲ."

ಆಗ ನಾನು ಒಂದು ಮಾತು ಹೇಳಿದೆ. "ತೆಗೆಸ್ಬೇಡ. ತೆಗೆದ ಮೇಲೆ ಅದೊಂದು ಸೂಜಿ ಚೂರು ಅಷ್ಟೇ. ಎಲ್ಲಿಂದಲೋ ತಂದ್ರು ಅಂತಾರೆ. ಬೆರಳೊಳಗೆ ಇದ್ರೆ ಮಾತ್ರ ಸಾಕ್ಷಿ."

ಅವಳು ಬಟ್ಟೆ ಬಿಚ್ಚಿ ಬೆರಳು ನೋಡಿಕೊಂಡಳು. "ಹೌದಲ್ವಾ" ಅಂದಳು. ಮತ್ತೆ ಆಸ್ಪತ್ರೆಯ ಮಾತು ಎತ್ತಲಿಲ್ಲ.

ಭೋಜಣ್ಣ ಲೇಬರ್ ಆಫೀಸಿಗೆ ಅರ್ಜಿ ಹಾಕಿಸಿದರು. ಹನ್ನೆರಡು ಜನರನ್ನೂ ವಾಪಸ್ ತೆಗೆದುಕೊಳ್ಳಬೇಕು, ಸಂಘವನ್ನು ಒಪ್ಪಬೇಕು. ಕಂಪನಿಯವರು ಒಂದೇ ಮಾತು ಹಿಡಿದರು: ಸೂಜಿ ಬೆರಳಿಗೆ ಹೋಗಿಯೇ ಇಲ್ಲ, ಪುಸ್ತಕ ನೋಡಿ, ಇವರು ಗೂಂಡಾಗಳು. ಎಲ್ಲ ಆ ಒಂದು ಮೊನೆಯ ಮೇಲೆ ನಿಂತಿತು. ಭೋಜಣ್ಣ, "ಗಾಯಕ್ಕೆ ಏನಾದ್ರೂ ದಾಖಲೆ ಇದ್ಯೇನಮ್ಮ?" ಅಂತ ಕೇಳಿದಾಗ, "ಐತೆ ಅಣ್ಣ, ವಿಚಾರಣೆ ದಿನ ತೋರಿಸ್ತೀನಿ" ಅಂದಳು. ಆ ಮನುಷ್ಯ ಇನ್ನೊಂದು ಮಾತು ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ, ನಾವೂ ಹೇಳಲಿಲ್ಲ. ಬಾಯಿಬಿಟ್ಟರೆ ಕಂಪನಿಗೆ ಗೊತ್ತಾಗುತ್ತದೆ ಅಂತ ನಮಗೆ ಭಯ.

ನನ್ನನ್ನು ಕೆಲಸದಿಂದ ತೆಗೆದಿರಲಿಲ್ಲ. ಬೆಳಿಗ್ಗೆ ವ್ಯಾನಿಳಿದು ಗೇಟಿನ ಮುಂದೆ ಧರಣಿ ಕೂತವರನ್ನು ದಾಟಿಕೊಂಡೇ ಒಳಗೆ ಹೋಗಬೇಕು. ಒಬ್ಬಳು ನನ್ನ ಕಾಲಿಗೆ ಉಗಿದಳು. ಜಲಜ ಅವಳ ಜುಟ್ಟು ಹಿಡಿದು ಕೂರಿಸಿದಳು. "ಮುದುಕಿ ಒಳಗಿರ್ಲಿ ಬಿಡೇ. ಆ ಪುಸ್ತಕ ಕಾಯೋರು ಒಬ್ರು ಬೇಕು" ಅಂದಳು. ಆಮೇಲೆ ನನಗೆ ಮೆಲ್ಲಗೆ, "ಆ ಪುಟ ಎಲ್ಲೂ ಹೋಗ್ದಂಗೆ ನೋಡ್ಕೊ ದೊಡ್ಡಮ್ಮ. ಆವತ್ತು ಬೇಕು" ಅಂದಳು.

ವಿಚಾರಣೆಗೆ ಒಂದು ದಿನ ಕೊಟ್ಟರು. ಕಂಪನಿಯವರು ಬರಲಿಲ್ಲ. ಇನ್ನೊಂದು ದಿನ ಕೊಟ್ಟರು, ಮ್ಯಾನೇಜರಿಗೆ ಹುಷಾರಿಲ್ಲ. ಬೆರಳು ಊದುತ್ತ ಹೋಯಿತು. ಕೀವಾಗುವುದು, ಒಡೆಯುವುದು, ಒಣಗುವುದು, ಮತ್ತೆ ಊದುವುದು. ಒಡೆದಾಗೆಲ್ಲ ಅವಳು ಕೀವನ್ನು ಬಿಳಿ ಬಟ್ಟೆಗೆ ಒತ್ತಿ, ಮೊನೆ ಹೊರಗೆ ಬಂದುಬಿಟ್ಟಿತೋ ಅಂತ ನೋಡುತ್ತಿದ್ದಳು. ಬಾರದಿದ್ದರೆ ಸಮಾಧಾನ.

ಐದನೇ ತಿಂಗಳಲ್ಲಿ ಗೇಟಿಗೆ ಎರಡು ಜೀಪು ಬಂದವು. ಯಾರು ಕಳಿಸಿದರೋ, ಹೆಸರು ಹೇಳುವವರಿಲ್ಲ. ಕಾಫಿ ಗಿಡದ ದೊಣ್ಣೆ ಹಿಡಿದ ಗಂಡಸರು ಇಳಿದರು. ಕೂತ ಹೆಂಗಸರು ಏಳುವ ಮೊದಲೇ ಹೊಡೆಯಲು ಶುರುಮಾಡಿದರು. ಒಬ್ಬಳ ಮೊಣಕಾಲು ಒಡೆಯಿತು, ಇನ್ನೊಬ್ಬಳ ಮುಂದಿನ ಹಲ್ಲುಗಳು ಹೋದವು. ಜಲಜ ಎಡಗೈಯನ್ನು ಬಲ ಕಂಕುಳಿನೊಳಗೆ ತುರುಕಿಕೊಂಡು ಅದರ ಮೇಲೆ ಬಗ್ಗಿದಳು. ತಲೆಗೆ ಬೀಳಲಿ, ಬೆನ್ನಿಗೆ ಬೀಳಲಿ, ಕೈ ತೆಗೆಯಲಿಲ್ಲ. ಒಬ್ಬ ಕೈ ಎಳೆಯಲು ಬಂದಾಗ ಅವನ ಮಣಿಕಟ್ಟನ್ನು ಕಚ್ಚಿದಳು. ದೊಣ್ಣೆಯಿಂದ ದವಡೆಗೆ ಹೊಡೆದ ಮೇಲೆಯೇ ಬಿಟ್ಟದ್ದು, ಬಾಯಲ್ಲಿ ಅವನ ಮಾಂಸ ಇತ್ತು. ಅದನ್ನು ಉಗಿದು, "ಉಪ್ಪು ಕಮ್ಮಿ" ಅಂದಳಂತೆ. ಇದು ಪಕ್ಕದಲ್ಲಿದ್ದವರು ಹೇಳಿದ್ದು.

ಉಳಿದದ್ದನ್ನು ನಾನು ಕಿಟಕಿಯಿಂದ ನೋಡಿದೆ. ಹೊರಗೆ ಹೋಗಲಿಲ್ಲ. ಪುಸ್ತಕ ಕಾಯುತ್ತಿದ್ದೆ ಅಂತ ಹೇಳಬಹುದು. ಹೆದರಿದ್ದೆ ಅನ್ನುವುದೇ ನಿಜ.

ಏಳನೇ ತಿಂಗಳಲ್ಲಿ ಸೋಮವಾರದ ವಿಚಾರಣೆ ಗಟ್ಟಿಯಾಯಿತು, ಈ ಸಲ ಕಂಪನಿಯವರು ಬರಲೇಬೇಕು ಅಂತ. ಗುರುವಾರ ಅವಳಿಗೆ ಚಳಿಜ್ವರ. ಶುಕ್ರವಾರ ಬೆಳಿಗ್ಗೆ ನೋಡಿದರೆ ಬೆರಳು ಕಪ್ಪಾಗಿತ್ತು. ಕೈ ಮೊಣಕೈ ತನಕ ಬಾತು ಹೊಳೆಯುತ್ತಿತ್ತು, ಅಲ್ಲಿಂದ ಕಂಕುಳಿನವರೆಗೆ ಕೆಂಪು ಗೆರೆ. ಭೋಜಣ್ಣ ಜೀಪು ತಂದರು. ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲೆ, ಆ ಕೈ ಮಾತ್ರ ಮೇಲೆ.

"ಇವತ್ತು ಯಾವ ವಾರ ದೊಡ್ಡಮ್ಮ?"

"ಶುಕ್ರವಾರ."

"ಸೋಮವಾರದ ತನಕ ಇಟ್ಕೊಳ್ತೀನಿ. ಕೈ ಮುಟ್ಟಕ್ಕೆ ಬಿಡ್ಬೇಡ ಅವ್ರಿಗೆ."

"ಕಾಲು ಎತ್ತು ಜಲಜ. ಸಾಕು" ಅಂದೆ.

ಅವಳು ನಕ್ಕಳು. "ನನ್ನ ಮಾತು ನನಗೇನಾ?" ಅಂದಳು. ಅವಳು ನನ್ನ ಹತ್ತಿರ ಆಡಿದ ಕೊನೆಯ ಮಾತು ಅದು.

ಆಸ್ಪತ್ರೆಯಲ್ಲಿ ಡಾಕ್ಟರ್ ಕೈ ನೋಡಿ ನಮ್ಮನ್ನು ಬೈದರು. "ಏಳು ತಿಂಗಳು ಎಂತ ಮಾಡ್ತಿದ್ರಿ? ನಂಜು ಮೈಗೆಲ್ಲ ಏರಿದೆ. ಮೊಣಕೈ ತನಕ ತೆಗೀಬೇಕು, ತೆಗೆದ್ರೂ ಉಳೀತಾರೆ ಅಂತ ಹೇಳಕ್ಕಾಗಲ್ಲ" ಅಂದರು. ತೆಗೆಯುವುದಕ್ಕೆ ಸಿದ್ಧ ಮಾಡುವಷ್ಟರಲ್ಲಿ ಅವಳು ಹೋದಳು. ಕೈ ಮೈಯಲ್ಲೇ ಇತ್ತು. ಸಂಜೆ ಸುಟ್ಟೆವು.

ಶನಿವಾರ ನಾನು ಎಂದಿನಂತೆ ಕೆಲಸಕ್ಕೆ ಹೋದೆ. ಊಟದ ಗಂಟೆ ಹೊಡೆದಾಗ ಆ ಪುಸ್ತಕವನ್ನು ಹೊಟ್ಟೆಗೆ ಕಟ್ಟಿಕೊಂಡು ಮೇಲೆ ಸೀರೆ ಉಟ್ಟೆ. ಮ್ಯಾಗ್ನೆಟ್ಟಿನ ಕೋಲು ಕೈಯಲ್ಲೇ ಇತ್ತು. ಗೇಟಿನವನು, "ಎಲ್ಲಿಗಜ್ಜಿ?" ಅಂದ. "ಹೊರಗೊಂದು ಚೂರು ಬಿದ್ದಿದೆ" ಅಂದೆ. ಬಿಟ್ಟ.

ಭಾನುವಾರ ಮೂರನೇ ದಿನ. ಬೂದಿ ಎತ್ತಲು ಸಂಸೆಯಿಂದ ಅವಳ ಅಣ್ಣ ಸ್ಮಶಾನಕ್ಕೆ ಬಂದಿದ್ದ. ಕಳಸ ಊರಿನ ಹೊಳೆಗೆ ಬಿಡುವುದಕ್ಕೆ ಮಡಕೆ ಹಿಡಿದುಕೊಂಡಿದ್ದ. ನನ್ನನ್ನೂ ಕೋಲನ್ನೂ ನೋಡಿ, "ಹೆಂಗಸ್ರು ಇಲ್ಲಿಗೆ ಬರಬಾರ್ದು, ನಿಮಗೆ ಗೊತ್ತಿಲ್ವಾ?" ಅಂದ.

"ಗೊತ್ತು. ನೀನು ಆಚೆ ನಿಲ್ಲು. ನನ್ನ ಕೆಲಸ ಮೊದಲು."

"ಎಂತ ಕೆಲಸ ಮಾರಾಯ್ರೇ ಬೂದಿಯಲ್ಲಿ?"

"ನಿನ್ನ ತಂಗಿ ಏಳು ತಿಂಗಳು ಕಾದದ್ದು. ನಿಲ್ಲು ಅಂದೆನಲ್ಲ."

ನಿಂತ. ಎಡಗೈ ಇದ್ದ ಕಡೆ ಮೊದಲು ಆಡಿಸಿದೆ. ಬೂದಿ ಇನ್ನೂ ಒಳಗೆ ಬಿಸಿ ಇತ್ತು. ಒಂದು ಪಿನ್ನು ಸಿಕ್ಕಿತು, ಸೌದೆಯ ಮೊಳೆ ಸಿಕ್ಕಿತು, ರವಿಕೆಯ ಹುಕ್ಕುಗಳು ಸಿಕ್ಕಿದವು. ಒಂದೊಂದನ್ನೂ ಬಿಡಿಸಿ ಮತ್ತೆ ಆಡಿಸಿದೆ. ಬಿಸಿಲು ನೆತ್ತಿಗೆ ಬಂತು. ಆಮೇಲೆ ಮ್ಯಾಗ್ನೆಟ್ಟಿನ ಅಂಚಿನಲ್ಲಿ, ಎಳ್ಳಿನಷ್ಟು, ಕರಿ ಹತ್ತಿದ ಒಂದು ಮೊನೆ. ನನಗೆ ಗುರುತು ಹತ್ತಲು ಕನ್ನಡಕ ಬೇಕಿರಲಿಲ್ಲ. ಟೇಪಿನಲ್ಲಿ ಹಿಡಿದು ಕಾಗದಕ್ಕೆ ಅಂಟಿಸಿದೆ. "ಇನ್ನು ನೀನು ಎತ್ಕೊಳ್ಳಪ್ಪ" ಅಂದೆ ಅವಳ ಅಣ್ಣನಿಗೆ.

ಸೋಮವಾರ ಲೇಬರ್ ಆಫೀಸಿನಲ್ಲಿ ಕಂಪನಿಯ ಕಡೆಯವರು, "ಇವ್ರದೇ ಹೆಂಗಸು ಸಹಿ ಹಾಕಿದ್ದಾಳೆ ಸಾರ್, ಮೂರೂ ಚೂರು ಸಿಕ್ಕಿದೆ ಅಂತ" ಅಂದರು. "ಸುಳ್ಳು ಸಹಿ ಸಾರ್, ಹಾಕಿದ್ದು ನಾನೇ" ಅಂದೆ. ಹೊಟ್ಟೆಗೆ ಕಟ್ಟಿಕೊಂಡಿದ್ದ ಪುಸ್ತಕ ಬಿಚ್ಚಿ ತೆಗೆದು ಮೇಜಿನ ಮೇಲಿಟ್ಟೆ. ನಟೇಶ ಹೊಲಿಗೆ ಹಾಕಿದ ಕೆನ್ನೆಯನ್ನು ಆ ಕಡೆ ತಿರುಗಿಸಿಕೊಂಡು ಕೂತ. ಸಾಹೇಬರು ಭೂತಗನ್ನಡಿ ತರಿಸಿದರು. ಟೇಪು ಬಿಡಿಸಿ ಮೊದಲ ಚೂರು ಇಟ್ಟೆ, ಅದಕ್ಕೆ ಎರಡನೆಯದು ಕೂಡಿಸಿದೆ. ನಟೇಶನ ಮೂರನೆಯದನ್ನು ಇಟ್ಟೆ. ಕೂರಲಿಲ್ಲ, ದಪ್ಪವೂ ಬೇರೆ. ಅದನ್ನು ಆಚೆ ತಳ್ಳಿ, ಇದು ಜಲಜಳ ಬೂದಿಯಲ್ಲಿ ಸಿಕ್ಕಿದ್ದು ಅಂತ ಹೇಳಿ ಮೊನೆ ಇಟ್ಟೆ. ಒಡೆದ ಅಂಚಿಗೆ ಒಡೆದ ಅಂಚು ಹೋಗಿ ಕೂತಿತು. ಇಡೀ ಸೂಜಿ.

ಭೋಜಣ್ಣ ಕಣ್ಣು ಒರೆಸಿಕೊಂಡರು. ಹನ್ನೊಂದು ಹೆಂಗಸರೂ ಅತ್ತರು. ಅವರನ್ನು ವಾಪಸ್ ತೆಗೆದುಕೊಂಡರು, ಗೇಟಿನ ಪಕ್ಕದಲ್ಲಿ ಸಂಘದ ಬೋರ್ಡು ಬಂತು, ನಟೇಶ ಬೇರೆ ಊರಿಗೆ ಹೋದ. ನನ್ನನ್ನು ವಾಪಸ್ ಕರೆಯಲಿಲ್ಲ, ನಾನೂ ಕೇಳಲಿಲ್ಲ. ಇದಿಷ್ಟು ಎಲ್ಲರಿಗೂ ಗೊತ್ತು, ಬ್ಯಾನರಿನಲ್ಲೂ ಹಾಕುತ್ತಾರೆ.

ನಾನು ಅಳಲಿಲ್ಲ. ಆ ಮೇಜಿನ ಮೇಲಿನ ಸೂಜಿಯನ್ನೇ ನೋಡುತ್ತಿದ್ದೆ. ಏಳು ತಿಂಗಳ ಹಿಂದೆ, ಮಾರನೇ ದಿನವೇ ಆಸ್ಪತ್ರೆಯಲ್ಲಿ ತೆಗೆಸಿ ತಂದು ಇಟ್ಟಿದ್ದರೂ ಅದು ಹೀಗೆಯೇ ಕೂರುತ್ತಿತ್ತು. ಬೆರಳೊಳಗೆ ಇರಬೇಕಾಗಿರಲಿಲ್ಲ. ಎಲ್ಲಿಂದ ಯಾರು ತಂದರೂ ಸುಳ್ಳು ಚೂರು ಕೂರುವುದಿಲ್ಲ, ಆ ಸೂಜಿಯದೇ ಚೂರು ಮಾತ್ರ ಕೂರುತ್ತದೆ. ಇಡೀ ಕಾರ್ಖಾನೆಯಲ್ಲಿ ಇದು ಗೊತ್ತಿರಬೇಕಾಗಿದ್ದವಳು ಒಬ್ಬಳೇ. ದಿನಾ ಚೂರಿಗೆ ಚೂರು ಕೂಡಿಸುತ್ತಿದ್ದವಳು.

ಸಾಹೇಬರು ಪುಸ್ತಕವನ್ನು ನನ್ನ ಕಡೆ ತಿರುಗಿಸಿ, "ಚೂರು ಹುಡುಕಿದವರು ಸಹಿ ಮಾಡಿ" ಅಂದರು. ಅಲ್ಲಿ ಮೊದಲೇ ನನ್ನ ಸಹಿ ಇತ್ತು. ಅದರ ಕೆಳಗೆ ಇನ್ನೊಮ್ಮೆ ಹಾಕಿದೆ.